ಮೆದೆಯ ಅರ್ಧ ಹುಲ್ಲು ಮಲಪ್ರಭೆಯ ದಡಕ್ಕೆ

2019ರ ಆಗಸ್ಟ್. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದವು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿದ್ದನ್ನು ಟಿ.ವಿ.ಯಲ್ಲಿ ನೋಡಿದೆವು. ನಮ್ಮ ಶಿಡ್ಲಘಟ್ಟದ ಕಡೆ ಆಗ ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು. ಹಿಂದಿನ ವರ್ಷದ ಮಳೆ ಕೈಕೊಟ್ಟು ರಾಗಿ ಅರೆಬರೆ ಬಂದಿತ್ತು.

ಊರಲ್ಲಿ ಅಕ್ಕಿ, ಹಳೇ ಬಟ್ಟೆ ಕೂಡಿಸುತ್ತಿದ್ದರು. ನನಗೆ ಹೊಳೆದದ್ದು ಬೇರೆ. ಮನೆ ಮುಳುಗಿದ ಮೇಲೆ ಮೆದೆ ಉಳಿಯುತ್ತದೆಯೇ? ಜನ ಹೇಗೋ ಗಂಜಿ ಕೇಂದ್ರಕ್ಕೆ ಹೋದಾರು, ದನ?

ಹುಲ್ಲು ಕಳಿಸೋಣ ಎಂದಾಗ ಮನೆಯವಳು ರೇಗಿದಳು. “ಹೊಸ ಹುಲ್ಲು ಬರೋದು ಡಿಸೆಂಬರ್‌ಗೆ. ಅಲ್ಲೀತನಕ ನಮ್ ಹಸು ಬಾಯಿಗೆ ಏನಾಕ್ತೀರ?” ಅವಳು ಹೇಳಿದ್ದು ಸುಳ್ಳಲ್ಲ. ಮೂರು ಹಸುವಿನ ಹಾಲಿನ ಬಟವಾಡೆಯಲ್ಲೇ ನಮ್ಮ ಸಂಸಾರ. ರಾತ್ರಿಯೆಲ್ಲಾ ಲೆಕ್ಕ ಹಾಕಿದೆ. ಬೆಳಿಗ್ಗೆ ಅವಳೇ ಬಂದು, “ಅರ್ಧ ಕೊಡಿ, ಉಳಿದಿದ್ದು ಮುಟ್ಟಬೇಡಿ” ಅಂದಳು.

ಇನ್ನೂ ಏಳೆಂಟು ಮನೆಯವರು ಸೇರಿ ಒಂದು ಲಾರಿ ತುಂಬಿತು. ಹುಲ್ಲಿಗೆ ತೂಕ ಕಡಿಮೆ, ಜಾಗ ಹೆಚ್ಚು. ದಾರಿಯಲ್ಲಿ ನೆನೆದರೆ ಬೂಸ್ಟು ಬಂದು ದನಕ್ಕೆ ವಿಷವೇ. ಎರಡು ಪದರ ಟಾರ್ಪಾಲ್ ಹೊದಿಸಿ ಬಿಗಿದೆವು. ಬಾದಾಮಿ ತಾಲ್ಲೂಕಿಗೆ ಹೋದಾಗ ರಸ್ತೆ ಪಕ್ಕ ಹಳೇ ಬಟ್ಟೆಯ ರಾಶಿಗಳು ಕೆಸರಲ್ಲಿ ಬಿದ್ದಿದ್ದವು. ಕಳಿಸಿದವರ ಮನಸ್ಸು ಒಳ್ಳೆಯದೇ. ಹರಿದ ಸೀರೆ ಯಾರು ಉಡುತ್ತಾರೆ?

ಎತ್ತರದ ಜಾಗದಲ್ಲಿ ದನ ಕಟ್ಟಿಕೊಂಡಿದ್ದ ಒಬ್ಬ ರೈತರ ಮುಂದೆ ಹೊರೆ ಇಳಿಸಿದೆವು. ಅವರು ಹುಲ್ಲನ್ನು ಮೂಸಿ ನೋಡಿದರು. “ಮನಷ್ಯಾರಿಗೆ ಎಲ್ಲಾರೂ ತರ್ತಾರ್ರೀ. ದನಕ್ಕ ತಂದವ್ರು ನೀವ ಮೊದಲು” ಅಂದು ಸುಮ್ಮನಾದರು. ಜೋಳದ ಕಣಕಿ ತಿಂದು ಬೆಳೆದ ಎಮ್ಮೆಗಳು ರಾಗಿಹುಲ್ಲು ಮುಟ್ಟಲಿಲ್ಲ. ನಮಗೆ ಮುಖಭಂಗ. ಕತ್ತರಿಸಿ ಬೆಲ್ಲದ ನೀರು ಚಿಮುಕಿಸಿದ ಮೇಲೆ ಒಂದು ಬಾಯಿ ಹಾಕಿತು, ಆಮೇಲೆ ಎಲ್ಲವೂ. ಹೊರಡುವಾಗ ಅವರು ನನ್ನ ಫೋನ್ ನಂಬರ್ ಬರೆದುಕೊಂಡರು.

ಆ ವರ್ಷ ನವೆಂಬರ್‌ನಲ್ಲಿ ನಾನು ಹುಲ್ಲು ಕೊಳ್ಳಬೇಕಾಯಿತು. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

2021ರ ನವೆಂಬರ್‌ನಲ್ಲಿ ಸರದಿ ನಮ್ಮದಾಯಿತು. ಬಿಡದ ಮಳೆ. ವರ್ಷಗಟ್ಟಲೆ ತುಂಬದ ಕೆರೆಗಳು ಕೋಡಿ ಹರಿದವು. ಕೊಯ್ದು ಹಾಕಿದ್ದ ರಾಗಿ ತೆನೆಯಲ್ಲೇ ಮೊಳೆಯಿತು, ಹುಲ್ಲು ಕಪ್ಪಗಾಯಿತು. ಆಗ ಬಾದಾಮಿಯಿಂದ ಫೋನ್. “ನಿಮ್ಮ ಕಡೆ ರಾಗಿ ಹೋತಂತಲ್ರೀ. ಕಣಕಿ ಕಳಸ್ಲೇನು?”

400 ಕಿ.ಮೀ.ಗೂ ಹೆಚ್ಚು ದೂರ, ಕಣಕಿಗಿಂತ ಲಾರಿ ಬಾಡಿಗೆಯೇ ಹೆಚ್ಚಾಗುತ್ತದೆ, ಬೇಡಿ ಎಂದೆ. ಅವರು ಒಪ್ಪಿದಂತಿತ್ತು. ವಾರ ಕಳೆದು ಬಸ್ ಪಾರ್ಸೆಲ್‌ನಲ್ಲಿ ಒಂದು ಚಿಕ್ಕ ಚೀಲ ಬಂತು, ಮಾಲದಂಡಿ ಬಿಳಿಜೋಳದ ಬೀಜ. ಹುಲ್ಲು ಭಾರವಾದರೆ ಬೀಜ ಹಗುರ ಎಂದು ಅವರು ಲೆಕ್ಕ ಹಾಕಿದ್ದರು, ನಮಗಿಂತ ಜಾಣರು.

ಸಂಕ್ರಾಂತಿ ಕಳೆದ ಮೇಲೆ ಬೋರ್‌ವೆಲ್ ನೀರಲ್ಲಿ ಹತ್ತು ಗುಂಟೆಗೆ ಬಿತ್ತಿದೆ. ಮೊಣಕಾಲೆತ್ತರದ ಎಳೆ ಜೋಳದಲ್ಲಿ ವಿಷ ಇರುತ್ತದೆ, ಹೂ ಬಿಡುವ ಮುಂಚೆ ದನಕ್ಕೆ ಹಾಕಬೇಡಿ ಎಂದು ಎರಡು ಸಲ ಫೋನ್ ಮಾಡಿ ಎಚ್ಚರಿಸಿದರು. ಹಾಗೇ ಕಾದೆವು. ಕೊಯ್ದು ಹಾಕಿದಾಗ ನಮ್ಮ ಹಸುಗಳು ಮೂತಿ ತಿರುಗಿಸಿದವು.

ಮನೆಯವಳು ಒಳಗೆ ಹೋಗಿ ಬೆಲ್ಲ ತಂದಳು.