ಮಡುವಿನ ಮೀನೇ ಮುಂಗಾರಿನ ಬಿತ್ತನೆ

ಬಿತ್ತನೆ ಬೀಜಕ್ಕೆಂದು ಶಿವಮೊಗ್ಗದ ಗಾಂಧಿ ಬಜಾರಿಗೆ ಬಂದಾಗ ಗಾಳ, ಬಲೆಯನ್ನೂ ಕೊಳ್ಳುವುದುಂಟು. ಚೈತ್ರ-ವೈಶಾಖದಲ್ಲಿ ಮಲೆನಾಡಿನ ಹಳ್ಳಗಳ ಹರಿವು ಕುಗ್ಗಿ, ಮೀನುಗಳು ಆಳದ ಮಡುಗಳನ್ನು ಸೇರುತ್ತವೆ. ತಿಳಿನೀರಿನಲ್ಲಿ ನಿಮ್ಮ ನೆರಳು ಕಂಡರೂ ಸರಿದುಹೋಗುತ್ತವೆ. ಬೆಳಗಿನ ಜಾವ, ಇಳಿಹೊತ್ತು ಗಾಳಕ್ಕೆ ಅನುಕೂಲ.

ಮಡುವಿಗೆ ಸಿಡಿಮದ್ದು, ಕೀಟನಾಶಕ ಹಾಕುವುದು ಮಾತ್ರ ಬೇಡ. 1897ರ ಕಾಯ್ದೆಯೇ ಸಿಡಿಮದ್ದು, ವಿಷಗಳ ಬಳಕೆಯನ್ನು ನಿಷೇಧಿಸಿತು. ಇದರಿಂದ ಮರಿ, ತಾಯಿಮೀನು ಎಲ್ಲವೂ ಸಾಯುತ್ತವೆ. ದನಕರು ಕುಡಿಯುವುದೂ ಅದೇ ನೀರನ್ನು.

ಮಡುವಿನಲ್ಲಿ ಉಳಿದ ಮೀನುಗಳಲ್ಲಿ ಹಲವು ಮುಂಗಾರಿನ ಹೊಸ ನೀರಿಗೆದುರಾಗಿ ಏರಿ, ಗದ್ದೆಬಯಲಿನಲ್ಲಿ ಮೊಟ್ಟೆಯಿಡುತ್ತವೆ. ಇವೇ ನಮ್ಮ ಹತ್ತುಮೀನು. ಆಗ ಕಾಲುವೆಗೆ ಪೂರ್ತಿ ಅಡ್ಡಲಾಗಿ ಕೂಣಿ ಒಡ್ಡದೆ ಅರ್ಧ ದಾರಿ ಬಿಡಿ.

ತೀರ್ಥಹಳ್ಳಿ ಬಳಿ ತುಂಗೆಯಲ್ಲಿ ಚಿಪ್ಪಲಗುಡ್ಡೆ ಮತ್ಸ್ಯಧಾಮವಿದೆ. ನಿಮ್ಮೂರಿನ ಒಂದು ಮಡುವನ್ನೂ ಹಾಗೆಯೇ ಕಾಯಿರಿ. ಬೀಜದ ಭತ್ತವನ್ನು ಉಂಡು ಮುಗಿಸುವ ರೈತನುಂಟೇ?