ಗೆರಟೆಯ ಇದ್ದಲೂ ಲೋಹದ ಕಣವೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳಲ್ಲಿ ತೆಂಗಿನ ಗೆರಟೆಯು ಬಚ್ಚಲ ಒಲೆಗೆ ಹೋಗತಕ್ಕ ವಸ್ತುವೆಂದೇ ನಾವೆಲ್ಲರೂ ಎಣಿಸಿರುವೆವು. ಆ ಗೆರಟೆಯ ಇದ್ದಲನ್ನೇ ಉಗಿಯಲ್ಲಿ ಚೆನ್ನಾಗಿ ಕಾಯಿಸಿ ಸೂಕ್ಷ್ಮರಂಧ್ರಗಳುಳ್ಳದ್ದಾಗಿ ಮಾಡಿದರೆ, ಔಷಧಗಳ ತಯಾರಿಕೆಯಲ್ಲಿ ಪೆಲೇಡಿಯಮ್ ಎಂಬ ಬೆಲೆಯುಳ್ಳ ಲೋಹಕ್ಕೆ ಅದು ಆಧಾರವಾಗಬಲ್ಲದು.

ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತುವು ವೇಗವರ್ಧಕವೆನಿಸುವುದು. ಹೆಪ್ಪಿಗೆ ಇದನ್ನು ಹೋಲಿಸುವವರುಂಟು. ಆದರೆ ಹೆಪ್ಪು ಹಾಲಿನಲ್ಲಿ ಬೆಳೆಯುವುದು, ಇದು ಬೆಳೆಯದು. ಕ್ರಿಯೆಯು ಲೋಹದ ಮೇಲ್ಮೈಯಲ್ಲಿ ಮಾತ್ರ ನಡೆಯುವುದರಿಂದ ಒಳಗಿನ ಲೋಹವು ನಿರುಪಯೋಗವೇ. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಒಡೆದರೆ 600 ಚದರ ಮೀಟರ್! ನ್ಯಾನೋಮೀಟರೆಂದರೆ ಮೀಟರಿನ 100 ಕೋಟಿಯಲ್ಲೊಂದು ಪಾಲು. ಆದರೆ ಇಂಥ ಕಣಗಳನ್ನು ಸುಮ್ಮನೆ ಬಿಟ್ಟರೆ ಒಂದಕ್ಕೊಂದು ಅಂಟಿ ಗಂಟಾಗುವುವು. ಇದ್ದಲು ಅವುಗಳನ್ನು ದೂರದೂರವಾಗಿ ಹಿಡಿದಿಡುವುದು. ಕೆಲಸ ಮುಗಿದ ಮೇಲೆ ಸೋಸಿ ತೆಗೆದು ಮತ್ತೆ ಬಳಸಬಹುದು.

ಬಣ್ಣಗಳಿಗೆ ಬೇಕಾದ ಅನಿಲೀನನ್ನು ನೈಟ್ರೋಬೆಂಜೀನಿನಿಂದ ಪಡೆಯಲು 1854ರಲ್ಲಿ ಬೆಶಾಂಪನು ಕಬ್ಬಿಣವನ್ನೂ ಆಮ್ಲವನ್ನೂ ಬಳಸಿದನು. ಆ ಕ್ರಮದಲ್ಲಿ ಕಬ್ಬಿಣದ ಕೆಸರು ರಾಶಿಯಾಗಿ ಉಳಿಯುವುದು. ಆಧಾರವುಳ್ಳ ವೇಗವರ್ಧಕದ ಮೇಲೆ ಜಲಜನಕವನ್ನು ಹಾಯಿಸಿದರೆ ಅನಿಲೀನಿನ ಜತೆಗೆ ಹುಟ್ಟುವುದು ನೀರು.

ಆದರೂ ‘ಹಸುರು’ ಎಂಬ ಹೆಸರಿಗೆ ನಾವು ಮರುಳಾಗಬಾರದು. ಲೋಹವು ಆಧಾರದಿಂದ ಕಳಚಿ ದ್ರವಕ್ಕೆ ಸೇರುವುದುಂಟು. ಅದು ಔಷಧದಲ್ಲಿ ಉಳಿಯಲಾಗದು. ಆದಕಾರಣ ಸೋಸಿದ ದ್ರವದಲ್ಲಿ ಲೋಹವೆಷ್ಟೆಂದು ಅಳೆಯದೆ ಯಾವ ವೇಗವರ್ಧಕವನ್ನೂ ಮೆಚ್ಚತಕ್ಕದ್ದಲ್ಲ. ಬಳಸಿದ ಇದ್ದಲಾದರೋ ಒಣಗಿದರೆ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ತೇವದಲ್ಲಿಯೇ ಇಡುವರು.

ನಮ್ಮ ಅಕ್ಕಿ ಗಿರಣಿಗಳ ಉಮಿಯ ಬೂದಿಯಲ್ಲಿ ಸಿಲಿಕಾ ಹೇರಳವಾಗಿರುವುದರಿಂದ ಅದನ್ನೂ ಇಂಥ ಆಧಾರವಾಗಿ ಬಳಸಿ ನೋಡಿರುವರು.