ಹೆಸರು ಕೇಳಿಸದ ನಾಡು



ಫ್ಯಾಂಟಸಿ ಎಂದೊಡನೆ ನಿಮಗೆ ಟೋಲ್ಕಿನ್ ನೆನಪಾಗಬಹುದು. ಅವರ ಹಸ್ತಪ್ರತಿಗಳ ಮೇಲೆ ಕೆಲಸ ಮಾಡಿದ ಕಾದಂಬರಿಕಾರರೊಬ್ಬರು ನಮ್ಮ ಟೊರಾಂಟೊದಲ್ಲೇ ಇದ್ದಾರೆ, ಗೊತ್ತೇ? ಅವರೇ ಗೈ ಗೇವ್ರಿಯಲ್ ಕೇ.

ಹುಟ್ಟಿದ್ದು 1954ರಲ್ಲಿ, ಸಸ್ಕ್ಯಾಚೆವನ್ ಪ್ರಾಂತ್ಯದ ವೇಬರ್ನ್‌ನಲ್ಲಿ; ಬೆಳೆದದ್ದು ವಿನಿಪೆಗ್‌ನಲ್ಲಿ. ಟೋಲ್ಕಿನ್ ತೀರಿಕೊಂಡ ಮೇಲೆ ಅವರ ಮಗ ಕ್ರಿಸ್ಟೋಫರ್, ತಂದೆಯ ಬರಹಗಳನ್ನು ಸಂಪಾದಿಸಲು ನೆರವಾಗೆಂದು ಈ ವಿದ್ಯಾರ್ಥಿಯನ್ನು ಆಕ್ಸ್‌ಫರ್ಡಿಗೆ ಕರೆಸಿಕೊಂಡರು. ಆ ಪುಸ್ತಕವೇ 1977ರಲ್ಲಿ ಬಂದ ‘ದಿ ಸಿಲ್ಮರಿಲಿಯನ್’. ಮರಳಿ ಬಂದ ಕೇ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1981ರಲ್ಲಿ ವಕೀಲಿ ಸನದು ಪಡೆದರು. ಸಿಬಿಸಿಯಲ್ಲಿ, ನಿಜವಾದ ಮೊಕದ್ದಮೆಗಳನ್ನು ಆಧರಿಸಿದ ರೇಡಿಯೊ ನಾಟಕಗಳನ್ನೂ ಬರೆದರು. 1984ರಲ್ಲಿ ಮೊದಲ ಕಾದಂಬರಿ ‘ದಿ ಸಮ್ಮರ್ ಟ್ರೀ’ ಬಂತು. ಅದರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು ಬೇರೊಂದು ಲೋಕಕ್ಕೆ ಹೋಗುತ್ತಾರೆ.

ಆಮೇಲೆ ಅವರು ತಮ್ಮದೇ ದಾರಿ ಹಿಡಿದರು. ಇತಿಹಾಸದ ಒಂದು ಕಾಲವನ್ನು ಆಳವಾಗಿ ಓದಿ, ಹೆಸರುಗಳನ್ನು ಬದಲಿಸಿ, ಸ್ವಲ್ಪ ಮಾಯೆ ಬೆರೆಸಿ ಕಥೆ ಕಟ್ಟುವುದು. 1990ರ ‘ಟಿಗಾನಾ’ದ ಹಿಂದೆ ಹಳೆಯ ಇಟಲಿ ಇದೆ, 2010ರ ‘ಅಂಡರ್ ಹೆವನ್’ ಹಿಂದೆ ಚೀನಾದ ಟಾಂಗ್ ಯುಗ.

‘ಟಿಗಾನಾ’ವನ್ನು ನನ್ನ ಕೈಗೆ ಕೊಟ್ಟವಳು ನನ್ನ ಮಗಳು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮಾಂತ್ರಿಕ ರಾಜನೊಬ್ಬ ಆ ನಾಡಿನ ಹೆಸರನ್ನೇ ಅಳಿಸಿಹಾಕುತ್ತಾನೆ. ಅಲ್ಲಿ ಮೊದಲೇ ಹುಟ್ಟಿದವರಿಗೆ ಮಾತ್ರ ಆ ಹೆಸರು ಕೇಳಿಸುತ್ತದೆ. ಬೇರೆಯವರ ಮುಂದೆ ಎಷ್ಟು ಕೂಗಿ ಹೇಳಿದರೂ ಅವರ ಕಿವಿಗೆ ಅದು ನಿಲ್ಲುವುದಿಲ್ಲ. ಬಲ್ಲವರೆಲ್ಲ ಸತ್ತರೆ ಹೆಸರೂ ಸತ್ತಂತೆ.

ಓದುವಾಗ ನನಗೊಂದು ಭಾನುವಾರ ನೆನಪಾಯಿತು. ಫೋನಿನಲ್ಲಿ ಮಗಳು ಅಜ್ಜಿಯ ಊರನ್ನು ‘ಯಲಂದೂರು’ ಎಂದಳು. ‘ಯಾವೂರವ್ವಾ ಅದು?’ ಎಂದು ಅಜ್ಜಿ ನಕ್ಕರು. ನಾನೂ ನಕ್ಕೆ. ಅಂದಿನಿಂದ ಎಷ್ಟೋ ವಾರ ಅವಳು ಅಜ್ಜಿಯ ಹತ್ತಿರ ಕನ್ನಡವೇ ಆಡಲಿಲ್ಲ. ನಮ್ಮ ಮನೆಗೆ ಯಾವ ಮಾಂತ್ರಿಕನೂ ಬಂದಿರಲಿಲ್ಲ. ಅಷ್ಟು ಸಾಕಾಯಿತು.

ಆದರೆ ನಮ್ಮದು ಶಾಪವಲ್ಲ. ‘ಳ’ ನಿಮಗೆ ಕೇಳಿಸುತ್ತದೆ. ನಾಲಿಗೆ ಸ್ವಲ್ಪ ಹಿಂದಕ್ಕೆ ಮಡಚಿದರೆ ಬಂದೇ ಬರುತ್ತದೆ. ಪುಸ್ತಕ ಲೈಬ್ರರಿಯಲ್ಲಿ ಸಿಗುತ್ತದೆ, ಓದಿ. ಓದಿದ ಮೇಲೆ ಅಜ್ಜಿ ತಾತನ ಊರಿನ ಹೆಸರನ್ನು ಅವರ ಮುಂದೆಯೇ ಹೇಳಿ. ತಪ್ಪಾದರೆ ಇನ್ನೊಮ್ಮೆ ಹೇಳಿ. ನಗದೆ ಕೇಳುವ ಕೆಲಸ ದೊಡ್ಡವರಾದ ನಮ್ಮದು.